ನಾರಾಯಣಜ್ಜನ ಬೈರಾಸು ಬೀಸಿದ್ದು ನಾನು

ಬೆಳಿಗ್ಗೆ ಆರೂ ನಲವತ್ತಕ್ಕೆ ಅಳಿವೆಯ ಬಂಡೆಯ ಮೇಲೆ ನಿಂತು ಬೈರಾಸು ಬೀಸಿದ್ದು ನಾನು. ನಾರಾಯಣಜ್ಜ ಅಲ್ಲ. ಇಷ್ಟು ಹೇಳಲು ನನಗೆ ಮೂರು ವರ್ಷ ಹಿಡಿಯಿತು.

ಬೆಂಗಳೂರಿನ ಗಂಗಾನಗರದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ನಾಗೇಶನ ಊರು ಅದು—ಹೊಳೆ ಸಮುದ್ರ ಸೇರುವಲ್ಲಿನ ಒಂದು ಸಣ್ಣ ಬಂದರು. ರಜೆಗೆ ಹೋಗಿದ್ದೆ. ಅಲ್ಲಿ ನಾಡದೋಣಿಗಳು ಅಳಿವೆಯ ಹೊರಗೆ ಕಾಯುತ್ತವೆ. ದೊಡ್ಡ ಅಲೆಗಳು ಸಾಲಾಗಿ ದಾಟಿ ನೀರು ತಗ್ಗಿದಾಗ ಬಂಡೆಯ ಮೇಲಿನವರು ಬಟ್ಟೆ ಬೀಸುತ್ತಾರೆ. ಆಗ ದೋಣಿ ಒಳಗೆ ನುಗ್ಗುತ್ತದೆ. ಬೆನ್ನ ಹಿಂದಿನ ಅಲೆ ದೋಣಿಯವರಿಗೆ ಕಾಣದು. ಆ ಕೈಯನ್ನು ನಂಬಬೇಕು, ಅಷ್ಟೆ. ಎಷ್ಟೋ ವರ್ಷಗಳಿಂದ ಅದು ನಾರಾಯಣಜ್ಜನ ಕೈ.

ಆ ಬೆಳಿಗ್ಗೆ ಅಜ್ಜ ಹೆಗಲ ಮೇಲಿನ ಬೈರಾಸನ್ನು ನನ್ನ ಕೈಗಿತ್ತು, ಬೀಡಿ ಹಚ್ಚಲು ಬಂಡೆಯ ಮರೆಗೆ ಇಳಿದರು. "ಇದನ್ನು ಹಿಡ್ಕೊಳ್ಳಿ. ಎತ್ತಬೇಡಿ ಮಾರಾಯ್ರೇ" ಎಂದರು. ದೋಣಿಯಲ್ಲಿ ನಾಗೇಶನ ಅಣ್ಣ ವಾಸಣ್ಣ ಇದ್ದರು. ನಾನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತ, ಅವರಿಗೆ ಹಾಯ್ ಎಂದು—ಬೈರಾಸು ಹಿಡಿದ ಕೈಯನ್ನೇ ಬೀಸಿದೆ.

ದೋಣಿ ಅಳಿವೆಯತ್ತ ತಿರುಗಿತು. ಹಿಂದೆ ಎದ್ದ ನೀರು ನನಗೆ ಕಾಣುತ್ತಿತ್ತು. ಈಗಲೂ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಓಲಾಡಿದರೆ ಸಾಕು—ಮಗುಚಿದ ದೋಣಿ, ಪಕ್ಕದಲ್ಲಿ ಒಂದು ತಲೆ, ಆಮೇಲೆ ಅದೂ...

ವಾಸಣ್ಣನನ್ನು ಎಳೆದು ತಂದರು. ಬದುಕಿದರು, ಕಾಲು ಮುರಿದಿತ್ತು. ದೋಣಿಯಿಂದ ಅವರಿಗೆ ಕಂಡಿದ್ದು ಬಟ್ಟೆ ಮಾತ್ರ, ಹಿಡಿದವರ ಮುಖವಲ್ಲ.

ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ, ಎಲ್ಲರೆದುರು, ಅಜ್ಜ ಕೇಳಿದರು: "ನೀವು ಬೀಸಿದ್ದಾ?"

"ಇಲ್ಲ ಅಜ್ಜಾ. ನಾನು ವಿಡಿಯೋ ಮಾಡ್ತಾ ಇದ್ದೆ."

"ಅಜ್ಜನಿಗೆ ಕಣ್ಣೂ ಹೋಯ್ತು, ನೆನಪೂ ಹೋಯ್ತು" ಎಂದರು ಯಾರೋ. ಅಜ್ಜ ಬೈರಾಸು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದರು. ಮರುದಿನದಿಂದ ಬಂಡೆಯ ಮೇಲೆ ಬೇರೆಯವರು ನಿಂತರು. ವಿಡಿಯೋವನ್ನು ನಾನು ಬೆಂಗಳೂರಿನ ಬಸ್ಸಿನಲ್ಲೇ ಅಳಿಸಿಬಿಟ್ಟೆ.

ಹೋದ ತಿಂಗಳು ನಾಗೇಶನಿಗೆ ಹೇಳಿದೆ: "ಮಗಾ, ಅವತ್ತು ಬೀಸಿದ್ದು ನಾನು ಕಣೋ."

ಅವನು ಅಂದ: "ನನ್ನ ಹತ್ರ ಹೇಳಿ ಎಂತ ಮಾಡುವುದು? ದಕ್ಕೆಯಲ್ಲಿ ಹೇಳು."

ಹೋದೆ. ಮೀನು ಇಳಿಸುತ್ತಿದ್ದವರ ನಡುವೆ ನಿಂತು ಹೇಳಿದೆ. ವಾಸಣ್ಣ ಕುಂಟುತ್ತ ಹೋಗಿ ಅಜ್ಜನನ್ನು ಕರೆತಂದರು. "ನಾಳೆಯಿಂದ ನೀವೇ ನಿಲ್ಲಿ ಅಜ್ಜಾ."

ಅಜ್ಜ ನಕ್ಕರು. "ಬಂಡೆ ಹತ್ತುವುದು ಯಾರು ಮಾರಾಯ? ಈಗ ನಿನ್ನ ಕಾಲೂ ಇಲ್ಲ, ನನ್ನ ಕಾಲೂ ಇಲ್ಲ."

ಅಂದು ನಾಗೇಶನ ಮನೆಯ ಜಗಲಿಯಲ್ಲಿ, ಮೂರು ವರ್ಷಗಳಲ್ಲಿ ಮೊದಲ ಸಲ, ಒಮ್ಮೆಯೂ ಎಚ್ಚರವಾಗದೆ ಬೆಳಗಿನವರೆಗೆ ಮಲಗಿದೆ. ಎದ್ದಾಗ ನಾಚಿಕೆಯಾಯಿತು—ಹೇಳಿದ್ದಕ್ಕೆ ನನಗೆ ನಿದ್ದೆ ಸಿಕ್ಕಿತ್ತು. ಅಜ್ಜನಿಗೆ ನಾನೇನನ್ನೂ ಹಿಂದಿರುಗಿಸಿರಲಿಲ್ಲ.