ಬೇರಿಂಗ್ ಕೇಳುವ ಸಂಕಪ್ಪ

ನಮ್ಮಣ್ಣ ಸಂಕಪ್ಪ ಇಪ್ಪತ್ತೆರಡು ವರ್ಷ ಸದ್ದು ಕೇಳಿ ಸಂಬಳ ತಂದವನು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಭೋಸರಿಯ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಅವನ ಕೆಲಸ ಅದೇ ಆಗಿತ್ತು. ಹೊಸ ಬೇರಿಂಗನ್ನು ಗರಗರ ತಿರುಗುವ ಕಡ್ಡಿಗೆ ಸಿಕ್ಕಿಸಬೇಕು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಬೇಕು, ಒಳ್ಳೆಯದನ್ನು ಬಲಗಡೆಯ ಟ್ರೇಗೆ, ಕೆಟ್ಟದ್ದನ್ನು ಎಡಗಡೆಯ ಟ್ರೇಗೆ ಹಾಕಬೇಕು. ತೇರದಾಳದಿಂದ ಮೆಟ್ರಿಕ್ ಮುಗಿಸಿ ಪುಣೆಗೆ ಬಂದವನನ್ನು ಯಾವನೋ ಪುಣ್ಯಾತ್ಮ ಫೋರ್‌ಮನ್ ಆ ಕುರ್ಚಿಯಲ್ಲಿ ಕೂಡಿಸಿದ. ತೊಂಬತ್ತರ ದಶಕದಲ್ಲಿ ಅಣ್ಣ ಬೇಡವೆಂದ ಬೇರಿಂಗನ್ನು ದೊಡ್ಡ ಸಾಹೇಬರೂ ಮುಟ್ಟುತ್ತಿರಲಿಲ್ಲ.

ಮನೆಯಲ್ಲೂ ಅದೇ ಚಾಳಿ. ನಮ್ಮ ಫ್ಯಾನು, ಮಿಕ್ಸರು, ನೆರೆಮನೆಯ ಹೊಲಿಗೆ ಯಂತ್ರ, ಎಲ್ಲದರ ಆರೋಗ್ಯವನ್ನೂ ಕೂತಲ್ಲೇ ಹೇಳುತ್ತಿದ್ದ. "ನಾ ಕರದ್ರ ಕೇಳಸಂಗಿಲ್ಲ, ಫ್ಯಾನ್ ಕರದ್ರ ಕೇಳಸ್ತದ ಇವರಿಗೆ" ಎಂದು ಅವನ ಹೆಂಡತಿ, ನಮ್ಮ ಇಂದೂ ವೈನಿ, ಚೇಷ್ಟೆ ಮಾಡುತ್ತಿದ್ದರು.

೨೦೦೨ರಲ್ಲಿ ಸದ್ದು ಕೇಳುವುದಕ್ಕೂ ಯಂತ್ರ ಬಂತು. ವಿಭಾಗ ರಾಂಜಣಗಾಂವಕ್ಕೆ ಹೋಯಿತು, ಅಣ್ಣನ ಕೈಗೆ ಸ್ವಯಂನಿವೃತ್ತಿಯ ಕಾಗದ ಬಂತು. ಅಂದಿನಿಂದ ಅವನು ಫ್ಯಾನಿನ ಬಗ್ಗೆ ಸಹ ಬಾಯಿ ಬಿಡಲಿಲ್ಲ. ನಾನು ಏನು ಕೇಳಿದರೂ "ನನಗೇನ ತಿಳೀತದೋ ಮಾಂತು, ಈಗ ಮಷೀನ್ ಅದಾವಲ್ಲ" ಎನ್ನುತ್ತಿದ್ದ. ಹಾಗೆ ಎರಡು ವರ್ಷ ಹೋಯಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇಂಥ ಮನುಷ್ಯ ಹೀಗೆ ಮೂಲೆ ಹಿಡಿದು ಕೂತದ್ದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ನಾನು ಮಾರ್ಕೆಟ್ ಯಾರ್ಡಿನ ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತ. ನನ್ನದೊಂದು ಸೆಕೆಂಡ್‌ಹ್ಯಾಂಡ್ ಮಾರುತಿ ಇತ್ತು. ೨೦೦೪ರ ಚಳಿಗಾಲದಲ್ಲಿ ಅದು ನಲವತ್ತರ ವೇಗ ದಾಟಿದರೆ ಗುಂಯ್ಯೆಂದು ಅಳಲು ಹಿಡಿಯಿತು. ನಮ್ಮ ಧನಕವಡಿಯ ಗ್ಯಾರೇಜಿನವನು ಟೈರು ಅಂದ. ಟೈರು ಬದಲಿಸಿದೆ. ಅಳು ನಿಲ್ಲಲಿಲ್ಲ. ಹಾಗಾದರೆ ಗೇರ್‌ಬಾಕ್ಸ್ ಬಿಚ್ಚಬೇಕು ಅಂದ.

ಆ ವಾರ ಅಣ್ಣ-ವೈನಿಯನ್ನು ಕಾತ್ರಜ ಘಾಟಿನ ಆಚೆ ಒಂದು ಮದುವೆಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಅಂದುಕೊಂಡಿದ್ದೆ. ಎಡಕ್ಕೆ ಹೊರಳುವ ತಿರುವಿನಲ್ಲಿ ಸದ್ದು ಹೆಚ್ಚಾಯಿತು, ಬಲಕ್ಕೆ ಹೊರಳುವಾಗ ಕಡಿಮೆಯಾಯಿತು. ಅವನು ಕಣ್ಣು ತೆರೆಯದೆಯೇ ಹೇಳಿದ:

"ಗೇರ್‌ಬಾಕ್ಸ್ ಬಿಚ್ಚಸಬ್ಯಾಡ. ಬಲಕ್ಕಿನ ಹಿಂದಿನ ಗಾಲಿ. ಎಡಕ್ಕ ಹೊಳ್ಳಿದಾಗ ಭಾರ ಅದರ ಮ್ಯಾಲ ಬೀಳ್ತದ. ಅದರಾಗ ಎರಡು ಬೇರಿಂಗ್ ಇರ್ತಾವ. ಹೊರಗಿಂದು ಸತ್ತದ."

ಮರುದಿನ ಅವನನ್ನೂ ಕರೆದುಕೊಂಡು ಹೋಗಿ ಗ್ಯಾರೇಜಿನವನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಕಾನಾನಂ ಗಾಡೀ ದುರುಸ್ತ ಹೋತ ನಾಯ" ಎಂದ. ಕಿವಿಯಿಂದ ಗಾಡಿ ರಿಪೇರಿ ಆಗುವುದಿಲ್ಲವಂತೆ. ಅವನು ನಕ್ಕದ್ದಿರಲಿ, ಅವನ ಜೊತೆ ನಾನೂ ನಕ್ಕುಬಿಟ್ಟೆ. ಅಣ್ಣ ಅದನ್ನು ನೋಡಿದ. ಮನೆಗೆ ಬಂದು ಮತ್ತೆ ತನ್ನ ಮೂಲೆ ಹಿಡಿದ.

ಗ್ಯಾರೇಜಿನ ಸಂಗತಿ ತಿಳಿದ ವೈನಿ ನನ್ನನ್ನು ಅಡುಗೆಮನೆಗೆ ಕರೆದು ಝಾಡಿಸಿದರು. "ಎರಡ ವರ್ಷದಾಗ ಮೊದಲನೇ ಸಲ ಒಂದ ಮಾತ ಖಾತ್ರಿಯಿಂದ ಅಂದಾರ. ನೀ ಹಲ್ಲ ಕಿಸದಿ. ಇನ್ನ ಅವರು ಬಾಯಿ ತಗದ್ರ ಕೇಳು." ನಾನು ಹೊರಗೆ ಬಂದು, "ಅಣ್ಣಾ, ಗುರುವಾರ ರಜಾ ಹಾಕ್ತೀನಿ. ಗ್ಯಾರೇಜ್ ಬ್ಯಾಡ, ನಾವ ಮಾಡೂಣು" ಅಂದೆ. ಅವನು, "ನಾ ಬೇರಿಂಗ್ ಕೇಳೀನಿ, ಎಂದೂ ಕೂಡಿಸಿಲ್ಲ" ಅಂದ. ಆದರೆ ಒಲ್ಲೆ ಅನ್ನಲಿಲ್ಲ.

ಗುರುವಾರ ಬೆಳಿಗ್ಗೆ ನಾನಾ ಪೇಠದ ಪಂಢರಿನಾಥನ ಬಿಡಿಭಾಗದ ಅಂಗಡಿಗೆ ಹೋದೆವು. ಅಣ್ಣ ಡಬ್ಬಿ ಬಿಚ್ಚಿ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಗೆ ಹಿಡಿದ. ಬೇಡ. ಇನ್ನೊಂದು. ಅದೂ ಬೇಡ. ಎಂಟನೆಯ ಡಬ್ಬಿಗೆ ಪಂಢರಿನಾಥನ ತಾಳ್ಮೆ ಮುಗಿಯಿತು. "ಕಾಕಾ, ಬೇರಿಂಗ ಘ್ಯಾಯಚಂ ಕೀ ಗಾಣಂ ಐಕಾಯಚಂ?" ಎಂದ. ಬೇರಿಂಗ್ ಬೇಕೋ ಹಾಡು ಕೇಳಬೇಕೋ ಎಂಬ ಪ್ರಶ್ನೆ ಅದು. ಅಣ್ಣ ಇನ್ನೂ ಮೂರು ಬಿಚ್ಚಿ, ಎರಡನ್ನು ಆರಿಸಿಕೊಂಡ.

ಮನೆಯ ಮುಂದೆ ಮುಂದಿನ ಗಾಲಿಗಳಿಗೆ ಇಟ್ಟಂಗಿ ಕೊಟ್ಟು, ಜಾಕ್ ಏರಿಸಿ, ಬಲಗಡೆಯ ಹಿಂದಿನ ಗಾಲಿ ಕಳಚಿದೆವು. ನಡುವಿನ ದೊಡ್ಡ ನಟ್ಟು ಜಗ್ಗಲಿಲ್ಲ. ನಟ್ಟು ಬಿಚ್ಚುವ ಪಾನಾಕ್ಕೆ ಬೋರಿನ ಪೈಪು ತೊಡಿಸಿ ನಾನು ಅದರ ಮೇಲೆ ನಿಂತಾಗ ಬಿಟ್ಟುಕೊಟ್ಟಿತು. ಬ್ರೇಕ್ ಡ್ರಮ್ಮನ್ನು ಎಳೆದು ತೆಗೆದು, ಅದರೊಳಗಿನ ಹಳೆಯ ಬೇರಿಂಗುಗಳನ್ನು ಸರಳಿನಿಂದ ಬಡಿದು ಬೀಳಿಸಿದೆವು. ಹೊರಗಿನದಕ್ಕೆ ಅಣ್ಣ ಗುರುತಿಗೆ ಕೆಂಪು ದಾರ ಕಟ್ಟಿದ. ಬಿದ್ದದ್ದನ್ನೆಲ್ಲ ಸೀಮೆಎಣ್ಣೆಯ ಡಬ್ಬಿಗೆ ಹಾಕಿದೆವು.

"ತಿಕ್ಕಿ ನೋಡ ಅಣ್ಣಾ, ಸತ್ತದ್ದು ಯಾವುದಂತ."

"ಆಮ್ಯಾಲೆ ನೋಡೂಣು."

ಅವನಿಗೆ ಹೆದರಿಕೆ ಇತ್ತು. ಹೊರಗಿನದು ಚೆನ್ನಾಗಿಯೇ ಇದ್ದರೆ ಕಿವಿಯ ಮಾತು ಅಲ್ಲಿಗೆ ಮುಗಿದಂತೆ. ನಾನೂ ಒತ್ತಾಯ ಮಾಡಲಿಲ್ಲ.

ಹೊಸ ಬೇರಿಂಗಿಗೆ ಅಣ್ಣ ಕೊಟ್ಟ ಮೊದಲ ಪೆಟ್ಟಿಗೇ ಅದು ವಾರೆಯಾಯಿತು. ಕಟ್ಟೆಯ ಮೇಲೆ ಕೂತಿದ್ದ ವೈನಿ, "ಒಂದ ಕಡೆ ಯಾಕ ಬಡೀತೀರಿ? ರೊಟ್ಟಿ ಬಡದಂಗ ಸುತ್ತಲೂ ಬಡೀರಿ" ಅಂದರು. ಸುತ್ತಲೂ ಸಣ್ಣ ಸಣ್ಣ ಪೆಟ್ಟು ಹಾಕಿದ ಮೇಲೆ ಅದು ನೆಟ್ಟಗೆ ಇಳಿಯಿತು. ಗ್ರೀಸ್ ತುಂಬಿ, ಎರಡನೆಯದನ್ನೂ ಕೂಡಿಸಿ, ಡ್ರಮ್ ಏರಿಸಿ, ನಟ್ಟು ಬಿಗಿದೆವು. ತಿರುಗಿಸಿದರೆ ಡ್ರಮ್ಮು ಅಲ್ಲಾಡಲಿಲ್ಲ. ಕಚ್ಚಿಕೊಂಡು ನಿಂತಿತ್ತು.

ವೈನಿ ಡಬ್ಬಿಯೊಳಗೆ ಬೆರಳಾಡಿಸಿ ಒಂದು ಕಬ್ಬಿಣದ ತುಂಡು ಎತ್ತಿದರು. ಹೆಬ್ಬೆರಳಿನಷ್ಟು ಉದ್ದದ, ಪೊಳ್ಳಾದ ಕೊಳವೆ. "ಇದು ಯಾಕ ಉಳೀತರೀ?"

ಎರಡು ಬೇರಿಂಗುಗಳ ನಡುವೆ ಇರಬೇಕಾದ ಕೊಳವೆ ಅದು. ಅದಿಲ್ಲದೆ ನಟ್ಟು ಬಿಗಿದರೆ ಎರಡೂ ಒಂದರ ಕಡೆಗೊಂದು ಒತ್ತಿ ಹಿಡಿದುಕೊಳ್ಳುತ್ತವೆ. ಗ್ಯಾರೇಜಿನ ಯಾವನೂ ಇದನ್ನು ಮರೆಯುತ್ತಿರಲಿಲ್ಲ. ಅಣ್ಣ ಮರೆತ. ಇಪ್ಪತ್ತೆರಡು ವರ್ಷ ಅವನ ಕೈಗೆ ಬಂದದ್ದು ಒಂದೊಂದೇ ಬೇರಿಂಗು. ಅದರ ಪಕ್ಕ ಏನು ಕೂಡುತ್ತದೆಂದು ಅವನು ಕಂಡವನೇ ಅಲ್ಲ. ಮುಖ ಕಪ್ಪಿಟ್ಟು ಹೋಯಿತು. ನೆಲದ ಮೇಲೆ ಹಾಗೆಯೇ ಕೂತುಬಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಡಬ್ಬಿಯಿಂದ ಕೆಂಪು ದಾರದ ಬೇರಿಂಗನ್ನು ತೆಗೆದು ತೊಳೆದ. ಬಟ್ಟೆಯಿಂದ ಒರೆಸಿ, ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಆಮೇಲೆ ನನ್ನ ಕಿವಿಗೆ ಹಿಡಿದ. ಕರ್‌ಕರ್ ಎಂದು ನನ್ನಂಥವನಿಗೂ ಕೇಳಿಸಿತು. ಒಳಗಡೆಯ ಬೇರಿಂಗು ಸದ್ದಿಲ್ಲದೆ ತಿರುಗಿತು. ಗಾಡಿ ಓಡುವಾಗ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ನಾಲ್ಕು ಗಾಲಿಗಳಲ್ಲಿ ಸತ್ತ ಒಂದೇ ಒಂದು ಬೇರಿಂಗನ್ನು ಅವನು ಸರಿಯಾಗಿ ಹಿಡಿದಿದ್ದ.

ಅಣ್ಣ ಎದ್ದು ನಿಂತ. ಹೊಸ ಬೇರಿಂಗುಗಳನ್ನು ಮತ್ತೆ ಬಡಿದು ಹೊರಗೆ ತೆಗೆದೆವು. "ಕೊಳವೀ ಹಾಕಿ ಇವನ್ನ ಮತ್ತ ಕೂಡಸೂಣು" ಅಂದೆ.

"ಆಗೂದಿಲ್ಲ. ತೆಗಿಯೂವಾಗ ಬಿದ್ದ ಪೆಟ್ಟು ಒಳಗಿನ ಗುಂಡುಗಳಿಗೆ ತಾಗಿರ್ತದ."

"ಯಾರಿಗೆ ಗೊತ್ತಾಗ್ತದ ಅಣ್ಣಾ?"

"ನನಗ ಕೇಳಸ್ತದ" ಅಂದ. ಎರಡು ವರ್ಷದ ಹಿಂದಿನ ದನಿ ಅದು.

ಮತ್ತೆ ನಾನಾ ಪೇಠ. ಅಣ್ಣ ಏನನ್ನೂ ಮುಚ್ಚಿಡದೆ, ಕೊಳವೆ ಮರೆತು ಬೇರಿಂಗ್ ಕೆಡಿಸಿದೆನೆಂದು ಪಂಢರಿನಾಥನ ಮುಂದೆ ಒಪ್ಪಿಕೊಂಡ. ಹಳೆಯ ಬೇರಿಂಗನ್ನು ಅವನ ಕಿವಿಗೂ ಹಿಡಿದು ತೋರಿಸಿದ. ಪಂಢರಿನಾಥ ಈ ಸಲ ಗೊಣಗಲಿಲ್ಲ. ಸ್ಟೂಲು ಕೊಟ್ಟು, ಚಹಾ ತರಿಸಿ, ಹೊಸ ಮಾಲಿನ ಇಡೀ ಪೆಟ್ಟಿಗೆಯನ್ನೇ ಅಣ್ಣನ ಮುಂದಿಟ್ಟ. "ಸಗಳೇ ಐಕಾ ಕಾಕಾ" ಎಂದ. ಎಲ್ಲವನ್ನೂ ಕೇಳಿ ನೋಡಿ ಎಂದು ಕೈಮುಗಿದ. ಅಣ್ಣ ಕೂತು ಒಂದೊಂದಾಗಿ ಕೇಳಿದ, ಒಳ್ಳೆಯದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಇಡುತ್ತ. ಅಂಗಡಿಯ ಗಿರಾಕಿಗಳು ಸುತ್ತ ನಿಂತು ನೋಡುತ್ತಿದ್ದರು. ಇವನು ನಮ್ಮಣ್ಣ ಎಂದು ಪಕ್ಕದಲ್ಲಿದ್ದ ಅಪರಿಚಿತನಿಗೆ ಸುಮ್ಮಸುಮ್ಮನೆ ಹೇಳಿದೆ.

ಸಂಜೆಯ ಹೊತ್ತಿಗೆ ಕೊಳವೆ ಕೂಡಿಸಿ, ಗಾಲಿ ಏರಿಸಿ, ಕಾತ್ರಜದ ತನಕ ಓಡಿಸಿದೆವು. ಅರವತ್ತರ ವೇಗದಲ್ಲೂ ಟೈರಿನ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. "ಏನೂ ಕೇಳಸವಲ್ದು ಅಣ್ಣಾ" ಅಂದೆ. "ಕೇಳಸಬಾರದೋ. ಅದಕ್ಕ ಅಲ್ಲೇನು ಕಾರ್ಖಾನ್ಯಾಗ ನನ್ನ ಆ ಕುರ್ಚಿ ಮ್ಯಾಲ ಕೂಡಸಿದ್ದು" ಅಂದ.

ತಿರುಗಿ ಬರುವಾಗ ಹಾಗೆಯೇ ಸ್ವಾರಗೇಟಿನ ತನಕ ಹೋದೆವು. ಅಲ್ಲಿಯ ಸಿಗ್ನಲ್ಲಿನಲ್ಲಿ ಒಂದು ಬಿಳಿ ಟೆಂಪೊ ನಮ್ಮ ಪಕ್ಕಕ್ಕೆ ಉರುಳಿ ಬಂದು ನಿಂತಿತು. ಅಣ್ಣ ಗಾಜು ಇಳಿಸಿ ತಲೆ ಹೊರಗೆ ಹಾಕಿ, ನಿನ್ನ ಮುಂದಿನ ಎಡಗಾಲಿಯ ಬೇರಿಂಗ್ ಹೋಗಿದೆ, ನೋಡಿಸು ಎಂದು ಮರಾಠಿಯಲ್ಲಿ ಕೂಗಿ ಹೇಳಿದ. ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ ಹಲ್ಲುಬಿಟ್ಟ.

ನಾನು ಅಣ್ಣನ ಮೇಲಿಂದ ಬಗ್ಗಿ, ಇಡೀ ಸಿಗ್ನಲ್ಲಿಗೆ ಕೇಳಿಸುವಂತೆ, "ಹಸೂ ನಕೋ! ತ್ಯಾಂಚಂ ಐಕ!" ಎಂದು ಗದರಿಸಿದೆ. ನಗಬೇಡ, ಅವರು ಹೇಳಿದ್ದು ಕೇಳು.