ಗೋಟುವಿನ ನೀರಿನ ಬಟ್ಟಲು

ಎದುರುಮನೆಯ ಸರ್ವಮಂಗಳಮ್ಮ ಬೆಳ್ಳಂಬೆಳಗ್ಗೆ ಸೌಟು ಹಿಡಿದು, ನಾಯಿಮರಿಯ ಉಚ್ಚೆ ಹಿಡಿಯಲು ಅದರ ಬಾಲದ ಹಿಂದೆ ಬಗ್ಗಿಕೊಂಡು ಓಡುವುದನ್ನು ಕಂಡಾಗ ಪ್ರಸನ್ನಕುಮಾರ್ ಅವರಿಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಹೊನ್ನಾಳಿಯ ಆ ಬೀದಿಯಲ್ಲಿ ಶುಗರಿಗೆಂದು ಬರಿಹೊಟ್ಟೆಯಲ್ಲಿ ಗೋಮೂತ್ರ ಕುಡಿಯುವವರು ಅವರೊಬ್ಬರೇ. ಬಡಾವಣೆ ಸಂಘದ ಅಧ್ಯಕ್ಷಗಿರಿಯಷ್ಟೇ ಹೆಮ್ಮೆ ಅದರ ಬಗ್ಗೆಯೂ ಇತ್ತು. ಈಯಮ್ಮ ಅದಕ್ಕಿಂತ ಜೋರಾದ ನಾಟಿ ಔಷಧಿ ಕಂಡುಹಿಡಿದಿದ್ದಾರೆ ಎಂದೇ ತಿಳಿದರು.

“ಏನ್ ಅಕ್ಕಾರೆ, ಇದು ಶುಗರಿಗೂ ನಡೀತೈತಾ?” ಎಂದು ಗೇಟಿನಿಂದಲೇ ಕೇಳಿದರು.

“ಕುಡಿಯಾಕಲ್ಲ ಅಧ್ಯಕ್ಷರೇ, ಟೆಸ್ಟಿಗೆ! ಈ ಗೋಟು ಚೊಂಬುಗಟ್ಟಲೆ ನೀರು ಕುಡೀತೈತೆ, ಮನೆ ತುಂಬ ಉಚ್ಚೆ ಹುಯ್ತೈತೆ. ಅನ್ನ ಕಂಡ್ರೆ ಮುಖ ತಿರುಗಿಸ್ತೈತೆ. ಜೊತೆಗೆ ಹುಟ್ಟಿದ ಮರಿಗಳು ಇದರ ಎರಡರಷ್ಟು ಬೆಳದಾವೆ. ಶುಗರ್ ಬಂದಾಗ ನೀವೂ ಹಿಂಗೇ ಚೊಂಬು ಕೆಳಗಿಡ್ತಿರಲಿಲ್ಲ. ಅದಕ್ಕೇ ಡೌಟು ಬಂತು.”

ಪಶು ಆಸ್ಪತ್ರೆಯ ಡಾಕ್ಟರ್ ಅಕ್ಷಿತಾ ಮೂತ್ರ, ರಕ್ತ ಎರಡನ್ನೂ ನೋಡಿ, ಸ್ಕ್ಯಾನಿಂಗಿಗೆ ಶಿವಮೊಗ್ಗಕ್ಕೆ ಕಳಿಸಿದರು. ಬುಟ್ಟಿಯಲ್ಲಿ ಮರಿಯನ್ನಿಟ್ಟುಕೊಂಡು ಸರ್ವಮಂಗಳಮ್ಮ ಬಸ್ಸು ಹತ್ತಿದರು. ಕಿಡ್ನಿಗಳು ಹುಟ್ಟಿನಿಂದಲೇ ಸರಿಯಾಗಿ ಬೆಳೆದಂತಿಲ್ಲ ಎಂದು ತಿಳಿಯಿತು. ವಾಸಿಯಾಗುವುದಿಲ್ಲ, ಸಂಭಾಳಿಸಬಹುದು, ಎಷ್ಟು ಕಾಲ ಎಂದು ಡಾಕ್ಟರೂ ಹೇಳಲಾರರು. ನೀರು ಸದಾ ಮುಂದಿರಬೇಕು, ಉಪ್ಪು ಬೇಡ, ಅನ್ನಕ್ಕೆ ಡಾಕ್ಟರು ಹೇಳಿದಷ್ಟೇ ಮೊಟ್ಟೆಯ ಬಿಳಿ.

ಮೊಟ್ಟೆ! ಕೇಕಿನ ತುಂಡು ಕೂಡ ವಿಚಾರಣೆಯಾಗದೆ ಹೊಸಿಲು ದಾಟದ, ಲಿಂಗಪೂಜೆಯ ಮನೆ ಅದು. ಸರ್ವಮಂಗಳಮ್ಮ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿದರು, ಬೇರೆ ಪಾತ್ರೆ ಇಟ್ಟರು, ಮೂಗಿಗೆ ಸೆರಗು ಅಡ್ಡ ಹಿಡಿದು ಬೇಯಿಸಿದರು. ವಾಸನೆಯ ವಿಷಯವನ್ನು ಸಂಘದಲ್ಲಿ ಎತ್ತಬೇಕೆಂದಿದ್ದ ಅಧ್ಯಕ್ಷರಿಗೆ ಹೆಂಡತಿ ಪ್ರಮೀಳಾ, “ನಿಮ್ಮ ಗೋಮೂತ್ರದ ಬಾಟ್ಲಿ ವಾಸನೇನೂ ಎತ್ತಲೇನು?” ಎಂದಿದ್ದೇ ತಡ, ವಿಷಯ ಅಲ್ಲೇ ಬಿತ್ತು.

ನ್ಯಾಮತಿಯಲ್ಲಿ ನಡೆಯುವ ಮದುವೆಗೆ ಹೋಗುವ ದಿನ ಸರ್ವಮಂಗಳಮ್ಮ ಮರಿಯನ್ನು ಅಧ್ಯಕ್ಷರ ಮನೆಯಲ್ಲಿ ಬಿಟ್ಟರು. “ನೀರೊಂದು ತಪ್ಪಿಸಬ್ಯಾಡ್ರಿ” ಎಂದು ಎರಡೆರಡು ಸಲ ಹೇಳಿದರು. ಆದರೆ ಸಲಹೆ ಕೊಟ್ಟು ರೂಢಿಯಾದವರಿಗೆ ಕೇಳುವ ರೂಢಿ ಇರುವುದಿಲ್ಲ. ಕುಡಿದರೆ ತಾನೇ ಹುಯ್ಯುವುದು ಎಂದುಕೊಂಡು ಪ್ರಸನ್ನಕುಮಾರ್ ಮರಿಯ ನೀರಿನ ಬಟ್ಟಲನ್ನು ಎತ್ತಿ ಕಪಾಟಿನ ಮೇಲಿಟ್ಟರು.

ಹುಯ್ಯುವುದೇನೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೋಟು ವಾಂತಿ ಮಾಡಿಕೊಂಡು, ಬಚ್ಚಲಿನ ಒದ್ದೆ ಕಲ್ಲು ನೆಕ್ಕುತ್ತ ಕುಸಿಯಿತು. ಆ ಬಾಯಾರಿಕೆ ಪ್ರಸನ್ನಕುಮಾರರಿಗೆ ಗೊತ್ತಿದ್ದ ಬಾಯಾರಿಕೆ. ಮರಿಯನ್ನು ಟವೆಲಿನಲ್ಲಿ ಸುತ್ತಿ ಪ್ರಮೀಳಾರ ಮಡಿಲಿಗೆ ಹಾಕಿ ಸ್ಕೂಟರ್ ಓಡಿಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಇಳಿದು ಮುಗಿಯುವವರೆಗೂ, ಸ್ಟ್ಯಾಂಡ್ ಇದ್ದರೂ, ಬಾಟಲಿಯನ್ನು ಬಾವುಟದ ಹಾಗೆ ತಾವೇ ಎತ್ತಿ ಹಿಡಿದಿದ್ದರು.

ಸಂಜೆ ಬಂದ ಸರ್ವಮಂಗಳಮ್ಮ ಎಲ್ಲ ಕೇಳಿಸಿಕೊಂಡರು. ಬಟ್ಟಲನ್ನು ಕಪಾಟಿನಿಂದ ಇಳಿಸಿ, ನೀರು ತುಂಬಿ, ಅಧ್ಯಕ್ಷರ ಕೈಗೇ ಕೊಟ್ಟರು. ಅವರು ಮಂಡಿಯೂರಿ ಮರಿಯ ಮುಂದಿಟ್ಟರು.

ಗೋಟುವಿಗೆ ಈಗ ವರ್ಷ ತುಂಬಿದೆ. ಗಾತ್ರ ಹೆಚ್ಚಿಲ್ಲ, ಗತ್ತು ಹೆಚ್ಚಿದೆ. ಪ್ರಸನ್ನಕುಮಾರರ ಗೇಟಿನ ಬಳಿಯೂ ಒಂದು ಬಟ್ಟಲು ಸದಾ ತುಂಬಿರುತ್ತದೆ. “ನಮ್ಮ ಬೀದಿ ಅಕ್ಕ, ರಿಪೋರ್ಟ್ ಬರೋ ಮುಂಚೇನೇ ಮರೀಗೆ ಕಾಯಿಲೆ ಐತೆ ಅಂತ ಕಂಡುಹಿಡಿದ್ರು. ಅದೂ ನನ್ನ ಶುಗರ್ ನೋಡಿ!” ಎಂದು ಜಗಳೂರಿನ ಬೀಗರಿಗೂ ಫೋನು ಮಾಡಿ ಹೇಳಿದ್ದಾರೆ. ಸಂಘದಿಂದ ಅಕ್ಕನಿಗೆ ಸನ್ಮಾನವನ್ನೂ ಏರ್ಪಡಿಸಿದರು. ಶಾಲು ಹೊದಿಸಿ, ಚಪ್ಪಾಳೆ ಇಳಿದ ಮೇಲೆ, ನಾಲ್ಕು ಜನಕ್ಕೆ ಉಪಯೋಗವಾಗಲೆಂದು ಮೈಕಿನಲ್ಲೇ ಕೇಳಿದರು:

“ಅಕ್ಕಾರೆ, ಹೆಂಗಿದ್ರೂ ಪೂರ್ತಿ ವಾಸಿ ಆಗಾಕಿಲ್ಲ ಅಂದ ಮ್ಯಾಲೆ, ಇಷ್ಟೆಲ್ಲ ಯಾಕೆ ಮಾಡಿದ್ರಿ?”

ಸರ್ವಮಂಗಳಮ್ಮ ಮೈಕು ಈಸಿಕೊಂಡರು.

“ನಿಮ್ಮ ಶುಗರ್ ವಾಸಿ ಆಗೈತೇನ್ರಿ? ಹಂಗಂತ ಪ್ರಮೀಳಾ ನಿಮಗೆ ಮುದ್ದೆ ಹಾಕೋದು ಬಿಟ್ಟಾಳೇನು?”