ಬ್ಯಾಟರಿಗೆ ಮುಟ್ಟದ ಕರೆಂಟು

ನನ್ನ ಬಾಯಿ ಸರಿಯಿಲ್ಲ. ಮೈಸೂರಿನಲ್ಲಿ ಅಮ್ಮ ಹೇಳುತ್ತಿದ್ದಳು, ಇಲ್ಲಿ ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನಲ್ಲಿ ಗಂಡ ಹೇಳುತ್ತಾನೆ. ಅದು ಎಷ್ಟು ಕೆಟ್ಟ ಬಾಯಿ ಎಂದು ನನಗೇ ಗೊತ್ತಾದದ್ದು ಕಾರು ಕೆಟ್ಟ ದಿನ.

ಮಾವ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ಇಡೀ ಸರ್ವೀಸು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಇಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಡಿಶ್‌ವಾಷರ್‌ನಲ್ಲಿ ಅವರು ತಟ್ಟೆ ಜೋಡಿಸಿದರೂ ನಾನು ತೆಗೆದು ಮತ್ತೆ ಜೋಡಿಸುತ್ತಿದ್ದೆ. ಹಾಗಾಗಿ ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದಾಗ ಅವರು ಚಪ್ಪಲಿಯನ್ನೂ ಮರೆತು ಗರಾಜಿಗೆ ಓಡಿ ಬಂದರು.

ಬ್ಯಾಟರಿ ಹೊಸದು, ಹಾಕಿಸಿ ಹದಿನೈದು ದಿನವಷ್ಟೇ. ಗಂಡ ಆಫೀಸ್ ಕೆಲಸಕ್ಕೆ ಹ್ಯೂಸ್ಟನ್‌ಗೆ ಹೋಗಿದ್ದ. ಮರುದಿನ ಡಲ್ಲಾಸ್‌ನಲ್ಲಿ ನನಗೆ ಇಂಟರ್‌ವ್ಯೂ, ನಾಲ್ಕು ವರ್ಷ ಮನೆಯಲ್ಲಿ ಕೂತ ಮೇಲೆ ಮೊದಲನೆಯದು. ಪಕ್ಕದ ಮನೆಯ ತೆಲುಗು ಅಂಕಲ್ ತಮ್ಮ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟರು. ಆದರೆ ಬ್ಯಾಟರಿಯ ಕೆಂಪು ದೀಪ ಆರಲೇ ಇಲ್ಲ.

“ಡೈನಮೋ ನೋಡೂಣು,” ಎಂದರು ಮಾವ. ಆಲ್ಟರ್ನೇಟರ್‌ಗೆ ಅವರ ಡಿಪೋದಲ್ಲಿ ಅದೇ ಹೆಸರು; ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವುದು ಅದೇ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್‌ಗೆ ಸ್ಪ್ಯಾನರ್ ಹಾಕಿದರು. ಆ ಟರ್ಮಿನಲ್ ಕಳಚಿದ ಮೇಲೂ ಎಂಜಿನ್ ಓಡಿದರೆ ಡೈನಮೋ ಸರಿಯಿದೆ ಎಂದರ್ಥ. ಹಳೆಯ ಗಾಡಿಗಳ ಪರೀಕ್ಷೆ ಅದು. ಈಗಿನ ಕಾರುಗಳಲ್ಲಿ ಹಾಗೆ ಮಾಡಿದರೆ ಒಳಗಿನ ಕಂಪ್ಯೂಟರೇ ಸುಟ್ಟುಹೋಗಬಹುದೆಂದು ನಾನು ಓದಿದ್ದೆ.

“ಮುಟ್ಟಬೇಡಿ. ಇದು ನಿಮ್ಮ ಡಿಪೋ ಬಸ್ಸಲ್ಲ. ಗೊತ್ತಿಲ್ದಿದ್ರೆ ಸುಮ್ನಿರಬೇಕು.”

ತೆಲುಗು ಅಂಕಲ್ ಎದುರಿಗೇ ಅಂದುಬಿಟ್ಟೆ. ಅವರಿಗೆ ಕನ್ನಡ ಬಾರದಿದ್ದರೇನು, ದನಿ ತಿಳಿಯದೆ ಇರುತ್ತದೆಯೇ. ಅವರು ಮೆಲ್ಲಗೆ ತಮ್ಮ ಕಾರು ತೆಗೆದುಕೊಂಡು ಹೋದರು. ಮಾವ ಸ್ಪ್ಯಾನರ್ ಕೆಳಗಿಟ್ಟು ಗೋಡೆಯ ಪಕ್ಕ ಸರಿದು ನಿಂತರು.

ಗಂಡನ ಟೂಲ್ ಬಾಕ್ಸಿನಿಂದ ವೋಲ್ಟ್ ಮೀಟರ್ ತೆಗೆದು ನಾನೇ ಹಿಡಿದೆ. ಬ್ಯಾಟರಿಯ ಮೇಲೆ ಹನ್ನೆರಡು ವೋಲ್ಟ್. ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕರ ಆಸುಪಾಸು ತೋರಿಸಬೇಕು. ಆಲ್ಟರ್ನೇಟರೂ ಹೋಯಿತು, ಇಂಟರ್‌ವ್ಯೂನೂ ಹೋಯಿತು ಅಂದುಕೊಂಡೆ. ಅಳು ಬಂತು.

“ಡೈನಮೋ ಹಿಂದಿನ ನಟ್ಟಿನ ಮ್ಯಾಲೆ ಮೀಟರ್ ಹಚ್ಚಿ ನೋಡವಾ,” ಎಂದರು ಮಾವ, ನಿಂತಲ್ಲಿಂದಲೇ.

ನೋಡಿದೆ. ಹದಿನಾಲ್ಕೂವರೆ.

“ಕರೆಂಟ್ ಹುಟ್ಟಾಕತ್ತೈತಿ. ಬ್ಯಾಟ್ರಿಗೆ ಮುಟ್ಟವಲ್ದು. ನಡುವಿನ ವೈರ್ ನೋಡು.”

ವೈರಿನ ತುದಿ ಸಡಿಲಾಗಿ ಕಿಲುಬು ಹಿಡಿದಿತ್ತು. ಅದನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಬೇಕು. ಎಂಜಿನ್ ಆರಿಸಿದೆ. ಈಗ ಬ್ಯಾಟರಿಯ ಟರ್ಮಿನಲ್ ಕಳಚಿದರೆ ಅಪಾಯವಿಲ್ಲ; ಕಳಚದೆ ಆ ವೈರಿಗೆ ಕೈ ಹಾಕಿದರೆ ಶಾರ್ಟ್ ಆದೀತು. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಸ್ಪ್ಯಾನರ್ ಎತ್ತಿಕೊಂಡು ನನ್ನ ಮುಖ ನೋಡಿದರು.

“ಈಗ ತಗೀಲೇನವಾ?”

ತಲೆಯಾಡಿಸಿದೆ. ತಪ್ಪಾಯಿತು ಅನ್ನಬೇಕಿತ್ತು. ಇಷ್ಟೆಲ್ಲ ಮಾತಾಡುವ ನನಗೆ ಅದೊಂದು ಬಾಯಿಗೆ ಬರಲಿಲ್ಲ.

ವೈರು ಬಿಗಿ ಮಾಡಿ, ತೆಲುಗು ಅಂಕಲನ್ನು ಮತ್ತೆ ಕರೆದು ಸ್ಟಾರ್ಟ್ ಮಾಡಿಸಿದಾಗ ಕೆಂಪು ದೀಪ ಆರಿತು. ಡಲ್ಲಾಸ್‌ಗೆ ಹೋಗಿಬಂದೆ, ಕೆಲಸವೂ ಸಿಕ್ಕಿತು. ಮಾವ ಆಮೇಲೆ ನಾಲ್ಕು ತಿಂಗಳು ನಮ್ಮ ಜೊತೆಗಿದ್ದರು. ಅಷ್ಟು ದಿನವೂ ಟಿವಿ ಹಾಕುವ ಮೊದಲು, ಫ್ಯಾನ್ ಹಾಕುವ ಮೊದಲು, ಕೈ ಹಿಂದೆ ಕಟ್ಟಿಕೊಂಡು ನನ್ನನ್ನು ಕೇಳುತ್ತಿದ್ದರು, “ಹಚ್ಚಲೇನವಾ?”